ಎಡತೋಳಿನ ಹೊಲಿಗೆ

ಸಮುದ್ರದ ಸಿಂಪಿಯನ್ನು ಚಿಪ್ಪಿನಿಂದ ಬಿಡಿಸುವ ಶೆಡ್ಡಿನಲ್ಲಿ ಎಡಚರಿಗೆ ಜಾಗವಿಲ್ಲ. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಂತು, ಎಡಗೈಯಲ್ಲಿ ಚಿಪ್ಪು ಹಿಡಿದು ಬಲಗೈಯಲ್ಲಿ ಚೂರಿ ಆಡಿಸುತ್ತಾರೆ. ನಡುವೆ ಒಬ್ಬಳು ಕೈ ಬದಲಿಸಿದಳೆಂದರೆ ಅವಳ ಮೊಣಕೈ ಪಕ್ಕದವಳ ಮೊಣಕೈಗೆ ದಿನವಿಡೀ ಕುಟ್ಟುತ್ತದೆ. ತೊಂಗ್ಯೊಂಗ್ ಬಂದರಿನ ಆಚೆಗಿರುವ ನಮ್ಮೂರಿನಲ್ಲಿ ಚಳಿಗಾಲವೆಲ್ಲ ಇದೇ ಕೆಲಸ. ಅಮ್ಮ ಮದುವೆಯಾಗಿ ಬಂದ ವರ್ಷದಿಂದ ಆ ಮೇಜಿನ ಮುಂದೆ ನಿಂತವಳು. ಹಾಗಾಗಿ ನನ್ನ ಅಣ್ಣನ ಮಗಳು ಸೆಬೊಮ್ ಏನು ಕೊಟ್ಟರೂ ಎಡಗೈಯಲ್ಲೇ ಹಿಡಿಯುತ್ತಾಳೆಂದು ಮನೆಯಲ್ಲಿ ಮೊದಲು ಗಮನಿಸಿದವಳು ಅವಳೇ. ಮಗುವಿಗೆ ಆಗ ಆರನೇ ತಿಂಗಳು ನಡೆಯುತ್ತಿತ್ತು.

ಅಮ್ಮ ತಡಮಾಡುವವಳಲ್ಲ. ಒಂದು ಭಾನುವಾರ ಮಧ್ಯಾಹ್ನ ಸೆಬೊಮ್‌ಳ ಹತ್ತಿ ತುಂಬಿದ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು, ಎಡತೋಳಿನ ತುದಿಯನ್ನು ಒತ್ತೊತ್ತಾಗಿ ಹೊಲಿದು ಮುಚ್ಚಿದಳು. ಬಲತೋಳನ್ನು ಹಾಗೇ ಬಿಟ್ಟಳು. ಅಂಗಿ ತೊಡಿಸಿದಾಗ ಮಗುವಿನ ಎಡಗೈ ಮೂಟೆಯೊಳಗೆ ಸಿಕ್ಕ ಮೀನಿನಂತೆ ಒದ್ದಾಡಿತು.

ರಾತ್ರಿಯ ಊಟಕ್ಕೆ ಮೂಲಂಗಿ ಹಾಕಿದ ಸಿಂಪಿ ಸಾರು. ಅತ್ತಿಗೆ ಯೊನ್‌ಜು ಬಟ್ಟಲು ಜೋಡಿಸುತ್ತ, ಮಗುವಿಗೆ ಆಟಕ್ಕೆ ಕೈ ಬೇಡವೇ ಎಂದು ಮೆಲ್ಲಗೆ ಕೇಳಿದಳು. ಬಲಗೈ ಇದೆಯಲ್ಲ ಎಂದಳು ಅಮ್ಮ.

"ಎಡಗೈ ಆದ್ರೆ ಏನೀಗ? ಬೇಸ್‌ಬಾಲ್ ಆಡೋರಲ್ಲಿ ಎಡಗೈಯವ್ರಿಗೇ ಬೆಲೆ ಜಾಸ್ತಿ," ಎಂದ ಅಣ್ಣ ತೇಸಿಕ್. ಅವನು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಮನೆಯ ಜಗಳವನ್ನು ತಮಾಷೆಯಲ್ಲಿ ಮುಗಿಸುವುದು ಅವನ ಇನ್ನೊಂದು ಕೆಲಸ.

"ಹೌದಪ್ಪ, ಕೊಟ್ಟ ಮನೇಲಿ ಊಟಕ್ಕೆ ಕೂತಾಗ ಮಾವನ ಚಮಚಕ್ಕೆ ಕುಟ್ಟಿದ್ರೆ, ಬೇಸ್‌ಬಾಲ್ ಅಂತ ಹೇಳ್ಕೊಂಡ್ ತಿರುಗು," ಎಂದಳು ಅಮ್ಮ.

ಅಪ್ಪ ಸಾರು ಕುಡಿಯುತ್ತಿದ್ದ. ಸಿಂಪಿ ಬೆಳೆಸುವ ಹಗ್ಗಗಳನ್ನು ಸಮುದ್ರದಿಂದ ಎತ್ತುವ ದೋಣಿ ಅವನದು. ಇಡೀ ದಿನ ಎಂಜಿನ್ನಿನ ಸದ್ದು ಕೇಳಿ ಬಂದವನಿಗೆ ಮನೆಯ ಸದ್ದು ಅಷ್ಟಾಗಿ ಕೇಳಿಸುತ್ತಿರಲಿಲ್ಲ.

ಅಮ್ಮ ಮತ್ತು ಅತ್ತಿಗೆ ಬೆಳಕು ಹರಿಯುವ ಮೊದಲೇ ಶೆಡ್ಡಿಗೆ ಹೋಗುತ್ತಿದ್ದರು. ಡಿಗ್ರಿ ಮುಗಿಸಿ, ಗ್ರಂಥಾಲಯದ ಕೆಲಸದ ಪರೀಕ್ಷೆಗೆ ಓದಿಕೊಂಡು ಮನೆಯಲ್ಲಿದ್ದ ನನ್ನ ಪಾಲಿಗೆ ಮಗು ಬಿತ್ತು. ನನಗದು ಇಷ್ಟವೇ ಆಗಿತ್ತು. ಮಗುವಿನ ಜೊತೆ ಮಾತಾಡಲು ನನಗೆ ನಾಚಿಕೆಯಿಲ್ಲ. ಎದುರಿಗೆ ಕೂತು, ಎಲ್ಲರ ಮನೆಯಲ್ಲೂ ಆಡಿಸುವಂತೆ "ಜೇಮ್ ಜೇಮ್" ಎಂದು ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸುತ್ತಿದ್ದೆ. ಅವಳು ಹೊಲಿದ ತೋಳನ್ನು ಎತ್ತಿ ಎತ್ತಿ ಬಡಿಯುತ್ತಿದ್ದಳು. ಬಿಡುವಾಗಿದ್ದ ಬಲಗೈ ಮಾತ್ರ ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಹೆಬ್ಬೆರಳು ಮುಷ್ಟಿಯ ಒಳಗೆ. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರೆ ಮತ್ತೆ ನಿಧಾನ ಮುಚ್ಚಿಕೊಳ್ಳುತ್ತಿತ್ತು. ಗಿಲಕಿ ಬೇಕೆನಿಸಿದರೆ ಅವಳು ಕೈಯ ಬದಲು ಮುಖವನ್ನೇ ಮುಂದೆ ಚಾಚುತ್ತಿದ್ದಳು.

ನಮಸ್ಕಾರಗಳು ಶುರುವಾದದ್ದು ಆ ದಿನಗಳಲ್ಲೇ.

ನಿದ್ದೆಯಿಂದ ಎದ್ದು, ಯಾರಾದರೂ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡರೆ, ತಲೆ ಮತ್ತು ಭುಜ ಒಮ್ಮೆಗೇ ಮುಂದಕ್ಕೆ ಬಾಗುತ್ತಿದ್ದವು. ತೋಳುಗಳು ಎರಡೂ ಕಡೆಗೆ ಎದ್ದು ಇಳಿಯುತ್ತಿದ್ದವು. ಸ್ವಲ್ಪ ಬಿಟ್ಟು ಮತ್ತೆ. ಮತ್ತೆ. ಮೊದಲು ನೋಡಿದವನು ಅಪ್ಪ. ದೋಣಿಯಿಂದ ಬಂದು ಬೂಟು ಬಿಚ್ಚುತ್ತಿದ್ದವನು ಅಲ್ಲೇ ನಿಂತುಬಿಟ್ಟ.

"ನೋಡ್ರೋ, ಅಜ್ಜನಿಗೆ ನಮಸ್ಕಾರ ಮಾಡ್ತಿದೆ."

ಹೊಸ ವರ್ಷಕ್ಕೆ ಇನ್ನೂ ಎರಡು ತಿಂಗಳಿತ್ತು. ಆದರೂ ಅಪ್ಪ, ಹಬ್ಬದ ದಿನ ನಮಸ್ಕರಿಸಿದ ಮಕ್ಕಳಿಗೆ ಹಿರಿಯರು ಕೊಡುವಂತೆ, ಜೇಬಿನಿಂದ ಒಂದು ನೋಟು ತೆಗೆದು, ಮಗುವಿನ ಅಂಗಿಯ ಒಳಗೆ ಸಿಕ್ಕಿಸಿದ. ಅಣ್ಣ ಫೋನಿನಲ್ಲಿ ವಿಡಿಯೊ ಹಿಡಿದು ನೆಂಟರಿಗೆಲ್ಲ ಕಳಿಸಿದ. ಗೊಸೊಂಗಿನಲ್ಲಿರುವ ಅಪ್ಪನ ಅಕ್ಕ, ಹಾಲು ಕುಡಿಯುವ ಮಗುವಿಗೆ ಇಷ್ಟು ಮರ್ಯಾದೆ ಕಲಿಸಿದ ಮನೆಯನ್ನು ತಾನು ಕಂಡಿಲ್ಲ ಎಂದು ಬರೆದಳು. ಅಮ್ಮ ಆ ಸಂದೇಶವನ್ನು ಶೆಡ್ಡಿನಲ್ಲೂ ಓದಿಸಿದಳು.

ನಾನು ಬೆಳಗ್ಗೆಯೆಲ್ಲ ಅವಳ ಜೊತೆ ಇರುತ್ತಿದ್ದೆ. ಅವಳು ನನಗೂ ನಮಸ್ಕಾರ ಮಾಡುತ್ತಿದ್ದಳು, ಬಟ್ಟೆ ಒಗೆಯುವ ಮೆಷಿನ್ನಿಗೂ ಮಾಡುತ್ತಿದ್ದಳು. ಪ್ರತಿ ಸಲ ಬಾಗಿ ಎದ್ದಮೇಲೆ ಯಾರೋ ಚಿವುಟಿದಂತೆ ಅಳುತ್ತಿದ್ದಳು. ಕೆಲವೇ ದಿನಗಳ ಹಿಂದೆ ನನ್ನನ್ನು ನೋಡಿದರೆ ನಗುತ್ತಿದ್ದ ಮಗು ಈಗ ನನ್ನ ಮುಖದ ಮೇಲೆ ಕಣ್ಣು ಹಾಯಿಸಿ ಬೇರೆಡೆ ನೋಡುತ್ತಿತ್ತು. ಒಂದು ಸಂಜೆ ಅತ್ತಿಗೆಯ ಜೊತೆ ಹಿತ್ತಲಲ್ಲಿ ಒಣಮೀನು ಎತ್ತಿಡುವಾಗ ಇದನ್ನು ಹೇಳಿದೆ. ಅವಳು ಫೋನು ತೆಗೆದು ಅಣ್ಣ ಕಳಿಸಿದ್ದ ಅದೇ ವಿಡಿಯೊ ಹಾಕಿದಳು. ಎಷ್ಟು ಸಲ ನೋಡಿದ್ದಳೋ.

"ಅವಳ ಕಣ್ಣು ನೋಡು, ಸೊರಾ. ಅವಳು ಅಲ್ಲಿ ಇಲ್ಲ."

ಆ ರಾತ್ರಿ ಊಟದ ನಡುವೆ ಅತ್ತಿಗೆ, ನಾಳೆ ತಾನು ಶೆಡ್ಡಿಗೆ ಬರುವುದಿಲ್ಲ, ಮಗುವನ್ನು ಜಿಂಜುವಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದಳು. ಅಮ್ಮ ಚಮಚ ಕೆಳಗಿಟ್ಟಳು. ಸುಗ್ಗಿಯ ಹೊತ್ತು, ಶೆಡ್ಡಿನಲ್ಲಿ ಜನ ಸಾಲದೆ ಯಜಮಾನ ಮುಖ ಸಿಂಡರಿಸುತ್ತಿದ್ದಾನೆ; ನಮಸ್ಕಾರ ಮಾಡುತ್ತದೆಂದು ಮಗುವನ್ನು ಆಸ್ಪತ್ರೆಗೆ ಒಯ್ಯುವವರನ್ನು ಕಂಡಿಲ್ಲ ಎಂದಳು. ಅಷ್ಟು ಅಳುತ್ತದೆಂದರೆ ಚಿಪ್ಪು ಸುರಿಯುವ ಲಾರಿಯ ಸದ್ದಿಗೆ ಬೆಚ್ಚಿರಬೇಕು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಸರಿಹೋಗುತ್ತದೆ, ಸೂಜಿ ತಾ ಎಂದು ನನಗೆ ಹೇಳಿದಳು.

ಅತ್ತಿಗೆ ಎದ್ದು ಮಗುವನ್ನು ಎತ್ತಿಕೊಂಡಳು. "ಸೂಜಿ ಸಾಕು ಅತ್ತೆ. ತೋಳು ಹೊಲಿದದ್ದೇ ಸಾಕು."

"ಹೊಲಿದದ್ದು ಯಾರಿಗೋಸ್ಕರ? ನನಗೋಸ್ಕರಾನಾ?"

ಅತ್ತಿಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಕತ್ತರಿ ತೆಗೆದು, ಅಮ್ಮನ ಒತ್ತು ಹೊಲಿಗೆಯನ್ನು ಕತ್ತರಿಸಿಬಿಟ್ಟಳು. ಮದುವೆಯಾಗಿ ಬಂದ ಮೇಲೆ ಅವಳು ಅಮ್ಮನ ಎದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆಗಲೂ ದನಿ ಎತ್ತಲಿಲ್ಲ. ಅಣ್ಣ ಏನೋ ತಮಾಷೆ ಹುಡುಕುತ್ತಿದ್ದ. ಸಿಗಲಿಲ್ಲ.

ನಾನು ಊಟದ ಹೊತ್ತಿನಲ್ಲಿ ಮಾತಾಡುವವಳಲ್ಲ. ಅಪ್ಪನ ಕಡೆ ನೋಡಿ ಹೇಳಿದೆ, "ಅಪ್ಪ, ಅವಳು ಗೋಡೆಗೂ ನಮಸ್ಕಾರ ಮಾಡ್ತಾಳೆ. ಮನೇಲಿ ಯಾರೂ ಇಲ್ಲದಾಗ್ಲೂ ಮಾಡ್ತಾಳೆ."

ಅಪ್ಪ ಸಾರಿನ ಬಟ್ಟಲಿನಿಂದ ತಲೆ ಎತ್ತಿದ. ನನ್ನನ್ನು, ಆಮೇಲೆ ಮಗುವನ್ನು ನೋಡಿದ. ಬೆಳಗ್ಗೆ ದೋಣಿ ಇಳಿಸುವುದಿಲ್ಲ, ಗಾಡಿ ತಾನೇ ಓಡಿಸುತ್ತೇನೆ ಎಂದ. ಹಾಗಾದರೆ ತಾನೂ ಬರುತ್ತೇನೆ, ತಾನಿಲ್ಲದೆ ಡಾಕ್ಟರ ಮುಂದೆ ಯಾರು ಏನು ಹೇಳುತ್ತಾರೋ ಎಂದು ಅಮ್ಮ ಗೊಣಗುತ್ತ ಬಟ್ಟಲು ಎತ್ತಿದಳು. ಬೆಳಗ್ಗೆ ಮನೆಮಂದಿಯೆಲ್ಲ ಹೊರಟೆವು.

ಆಸ್ಪತ್ರೆಯಲ್ಲಿ ಸೆಬೊಮ್‌ಳ ತಲೆಗೆ ಅಂಟು ಹಚ್ಚಿ ತಂತಿಗಳನ್ನು ಸಿಕ್ಕಿಸಿದರು. ಅವಳು ನಿದ್ದೆಹೋದಳು, ಎದ್ದಳು, ಬಾಗಿದಳು. ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದು ಒಂದರ ಮೇಲೊಂದು ಏರಿದವು. ಅಪ್ಪ ಕೈಕಟ್ಟಿ ನೋಡುತ್ತಿದ್ದ.

"ಇಂಥ ಅಲೆಗೆ ನಾನು ದೋಣಿ ಇಳಿಸಲ್ಲ," ಎಂದ. ನಮ್ಮಲ್ಲಿ ಮೊದಲು ಅರ್ಥ ಮಾಡಿಕೊಂಡವನು ಅವನೇ.

ಮೆದುಳಿನ ಚಿತ್ರವೂ ಆಯಿತು. ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದ ಮಾತು. ಎಲ್ಲರನ್ನೂ ಕೂರಿಸಿ, ಚಿತ್ರದ ಒಂದು ಮಗ್ಗುಲಲ್ಲಿದ್ದ ಕಪ್ಪು ಜಾಗದ ಸುತ್ತ ಪೆನ್ನಿನ ತುದಿ ಆಡಿಸಿದರು.

"ಹುಟ್ಟೋ ಹೊತ್ತಿನ ಆಸುಪಾಸಿನಲ್ಲಿ ಮೆದುಳಿನ ಎಡಗಡೆ ಒಂದು ರಕ್ತನಾಳಕ್ಕೆ ಹೆಪ್ಪು ಸಿಕ್ಕಿಹಾಕ್ಕೊಂಡಿದೆ. ಅದರಾಚೆಗೆ ರಕ್ತ ಹೋಗಿಲ್ಲ, ಅಷ್ಟು ಜಾಗ ಹಾಳಾಗಿದೆ. ಬಲಗೈನ ಆಡಿಸೋ ಜಾಗ ಅದು. ಈ ಮಗು ಎಡಚಿ ಅಲ್ಲ. ಬಲಗೈಗೆ ಶಕ್ತಿ ಸಾಲದು."

ಹಾಳಾದ ಜಾಗದ ಗಾಯವೇ ಈಗ ಮೆದುಳನ್ನೆಲ್ಲ ಅಲುಗಾಡಿಸುತ್ತಿದೆ, ನಾವು ನಮಸ್ಕಾರ ಅಂದುಕೊಂಡದ್ದು ಮೂರ್ಛೆರೋಗದ ಒಂದು ಬಗೆ ಎಂದರು. ಅದು ನಿಲ್ಲುವ ತನಕ ಮಗು ಹೊಸದೇನನ್ನೂ ಕಲಿಯುವುದು ಕಷ್ಟ, ಕಲಿತದ್ದೂ ಜಾರಬಹುದು. ಅದಕ್ಕೇ ಇವತ್ತೇ ಔಷಧಿ ಶುರುಮಾಡಬೇಕು. ಹಾಳಾದ ಜಾಗ ಮರಳಿ ಬರುವುದಿಲ್ಲ. ಆದರೆ ಇಷ್ಟು ಚಿಕ್ಕ ಮೆದುಳು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಅದಕ್ಕೆ ಶಾಂತಿ ಬೇಕು ಎಂದರು.

ಅಮ್ಮನಿಗೆ ಕೇಳಿಸಿದ್ದು ರೋಗದ ಹೆಸರೊಂದೇ. "ಎಂಟನೇ ತಿಂಗಳಲ್ಲಿ ಇವಳು ತನ್ನ ಅಜ್ಜಿ ಸತ್ತ ಮನೆಗೆ ಹೋದಳು, ಡಾಕ್ಟ್ರೇ. ಬಸುರಿ ಅಲ್ಲಿಗೆ ಹೋಗಬಾರದು ಅಂತ ಬಾಗಿಲಲ್ಲಿ ನಿಂತು ಹೇಳಿದ್ದೆ."

ಅತ್ತಿಗೆ ತಲೆ ತಗ್ಗಿಸಲಿಲ್ಲ. ಮಗುವಿನ ತಲೆಗಂಟಿದ್ದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದಳು.

"ಸಾವಿನ ಮನೆಯಿಂದ ಹೆಪ್ಪು ಬರಲ್ಲ ಅಜ್ಜಿ," ಎಂದರು ಡಾಕ್ಟರು. "ಹೆರಿಗೆ ಸಮಯದಲ್ಲಿ ರಕ್ತ ಬೇಗ ಗಟ್ಟಿಯಾಗುತ್ತೆ. ಮಾಸಿನಿಂದ ಒಂದು ಚೂರು ಹೊರಟಿರಬಹುದು. ಎಷ್ಟೋ ಮಕ್ಕಳಲ್ಲಿ ಯಾಕೆ ಅಂತ ನಮಗೂ ಗೊತ್ತಾಗಲ್ಲ. ಯಾರೋ ಮಾಡಿದ ತಪ್ಪಲ್ಲ ಇದು." ಆಮೇಲೆ ಕೇಳಿದರು, ಹುಟ್ಟಿದ ಮೊದಲ ದಿನಗಳಲ್ಲಿ ಒಂದೇ ಕಡೆಯ ಕೈಯೋ ಕಾಲೋ ಅದುರಿದ್ದನ್ನು ಯಾರಾದರೂ ನೋಡಿದ್ದೀರಾ?

ಅಣ್ಣ ಇಲ್ಲವೆಂದ. ಅತ್ತಿಗೆ ಆಗ ನಿತ್ರಾಣವಾಗಿ ಮಲಗಿದ್ದಳು.

"ನಾನು ನೋಡಿದೀನಿ," ಎಂದಳು ಅಮ್ಮ. "ಎರಡನೇ ದಿನ. ಬಲಗೈ. ಬಾಗಿಲು ತಟ್ಟಿದ ಹಾಗೆ ಆಡ್ತಿತ್ತು. ಕನಸು ಕಾಣ್ತಿದೆ ಅಂದ್ಕೊಂಡೆ. ಕೈ ಹಿಡಿದ್ರೂ ನಿಲ್ಲಲಿಲ್ಲ."

ಹೇಳಿ ಮುಗಿಸಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ನವಜಾತ ಮಕ್ಕಳಲ್ಲಿ ಅದನ್ನು ಗುರುತಿಸುವುದು ಕಷ್ಟವೆಂದು ಡಾಕ್ಟರು ಹೇಳಿದರು. ಸಾವಿನ ಮನೆಯ ಮಾತು ಆ ದಿನದ ನಂತರ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಅತ್ತಿಗೆ ಮಗುವಿನ ಜೊತೆ ಆಸ್ಪತ್ರೆಯಲ್ಲಿ ಉಳಿದಳು. ಮನೆಗೆ ಮರಳಿದಾಗ ಪುಡಿಯ ಪೊಟ್ಟಣಗಳೂ ಕಹಿ ಸಿರಪ್ಪೂ ಬಂದವು. ಮಗು ಎಷ್ಟು ಸಲ ಬಾಗುತ್ತದೆಂದು ಲೆಕ್ಕ ಇಟ್ಟುಕೊಳ್ಳಿ ಎಂದಿದ್ದರು. ನಾನು ಫೋನಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆಂದೆ. ಅಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಅಟ್ಟದಿಂದ ಹಿತ್ತಾಳೆಯ ಬೋಗುಣಿಯನ್ನು ಇಳಿಸಿ ಅಂಗಳದ ಕಟ್ಟೆಯ ಮೇಲಿಟ್ಟಳು. ಪಕ್ಕದಲ್ಲಿ ಒಂದು ಬುಟ್ಟಿ ಖಾಲಿ ಚಿಪ್ಪು. ಮಗು ಒಂದು ಸಲ ಬಾಗಿದರೆ ಒಂದು ಚಿಪ್ಪು. ಯಾರು ನೋಡಿದರೂ ಹಾಕಬೇಕು, ಅಪ್ಪನೂ. ಸಂಜೆ ಎಣಿಸಿ ನನಗೆ ಹೇಳಿ ಬೋಗುಣಿ ಬರಿದು ಮಾಡುತ್ತಿದ್ದಳು. ಮೊದಲ ದಿನಗಳಲ್ಲಿ ಚಿಪ್ಪು ಬಿದ್ದ ಸದ್ದಿಗೇ ಮನೆ ತುಂಬಿಹೋಗುತ್ತಿತ್ತು.

ಅಣ್ಣ ನೆಂಟರಿಗೆಲ್ಲ ಮತ್ತೊಂದು ಸಂದೇಶ ಕಳಿಸಿದ. ಅದು ನಮಸ್ಕಾರವಲ್ಲ, ಕಾಯಿಲೆ. ಹೀಗೆ ಬಾಗುವ ಮಗುವನ್ನು ಕಂಡರೆ ನಗಬೇಡಿ, ಡಾಕ್ಟರಿಗೆ ತೋರಿಸಿ. ಅಷ್ಟೇ ಬರೆದ. ಅದರಲ್ಲಿ ತಮಾಷೆಯಿರಲಿಲ್ಲ. ಹತ್ತಿಯ ಅಂಗಿ ಒಗೆಯಲು ಬಿಚ್ಚಿದಾಗ, ಅಸ್ತರಿನೊಳಗೆ ಜಾರಿದ್ದ ಅಪ್ಪನ ನೋಟು ಮುದುಡಿಕೊಂಡು ಕೆಳಗೆ ಬಿತ್ತು. ಅಪ್ಪ ಅದನ್ನು ಅಂಗೈಯಲ್ಲಿ ಉಜ್ಜಿ ಸಪಾಟು ಮಾಡಿ ತನ್ನ ತಗಡಿನ ಡಬ್ಬಿಯಲ್ಲಿಟ್ಟುಕೊಂಡ. ನಿಜವಾದ ನಮಸ್ಕಾರ ಮಾಡಿದ ದಿನ ಕೊಡುತ್ತೇನೆ ಎಂದ.

ಔಷಧಿ ಸುಲಭದ್ದಾಗಿರಲಿಲ್ಲ. ಸೆಬೊಮ್‌ಳ ಕೆನ್ನೆ ಉಬ್ಬಿ ಕಣ್ಣು ಸಣ್ಣವಾದವು. ಹಸಿವೋ ಹಸಿವು, ಹೊಟ್ಟೆ ತುಂಬಿದ್ದರೂ ಅಳು. ಒಂದು ಬೆಳಗ್ಗೆ ಅಮ್ಮ ಸಿರಪ್ಪಿನ ಬಾಟಲಿಯನ್ನು ಕೈಯಲ್ಲಿ ಹಿಡಿದು, ಇದು ಮಗುವನ್ನು ಊದಿಸುತ್ತಿದೆ, ಎರಡು ದಿನ ಬಿಟ್ಟು ನೋಡೋಣ ಎಂದಳು. ಹಾಗೆ ನಾವಾಗಿ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದನ್ನು ಅತ್ತಿಗೆ ನೆನಪಿಸಿದಳು.

"ನೀನು ತಾಯಿ. ನಿನಗೆ ನೋವಾಗಲ್ವಾ, ಇದರ ಮುಖ ನೋಡಿ?"

"ಆಗುತ್ತೆ ಅತ್ತೆ. ಬೋಗುಣಿ ನೋಡಿ ಇನ್ನೂ ಜಾಸ್ತಿ ಆಗುತ್ತೆ. ಬಾಟಲಿ ಕೊಡಿ."

ಅಮ್ಮ ಕೊಟ್ಟಳು. ಅವತ್ತಿನಿಂದ ಪುಡಿ ಕಲಸಿ ಕೊಡುವ ಹೊತ್ತಿಗೆ ಮಗುವಿನ ಕಾಲು ಹಿಡಿದುಕೊಳ್ಳುವುದು ತನ್ನ ಕೆಲಸವೆಂದು ತಾನೇ ವಹಿಸಿಕೊಂಡಳು.

ಅತ್ತಿಗೆ ಶೆಡ್ಡಿನ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ನಾನು ಹೋದೆ. ನನ್ನ ಚೂರಿ ಚಿಪ್ಪಿನ ಸಂದು ಹುಡುಕುವಷ್ಟರಲ್ಲಿ ಅಮ್ಮ ಐದಾರು ಸಿಂಪಿ ಬಿಡಿಸಿರುತ್ತಿದ್ದಳು. ಡಿಗ್ರಿ ಓದಿದ ಕೈ, ಸಿಂಪಿಗೂ ಪರೀಕ್ಷೆ ಕೊಡುತ್ತಿದೆ ಎಂದು ಹೆಂಗಸರು ನಗುತ್ತಿದ್ದರು. ಡಿಸೆಂಬರಿನ ಮೊದಲಲ್ಲಿ ಚಳಿಗಾಲಕ್ಕೆಂದು ಕೋಸಿನ ಉಪ್ಪಿನಕಾಯಿ, ಕಿಮ್ಚಿ ಹಾಕುವ ದಿನ ಬಂತು. ಪ್ರತಿ ವರ್ಷ ಆ ದಿನ ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿರುತ್ತಾರೆ. ಔಷಧಿಯಿಂದ ಮಗುವಿಗೆ ಬೇಗ ಸೋಂಕು ತಗಲುತ್ತದೆ, ಜನ ಸೇರಿಸಬೇಡಿ ಎಂದಿದ್ದರು. ಅಮ್ಮ ಎಲ್ಲರಿಗೂ, ಮನೆಯಲ್ಲಿ ನೆಗಡಿ, ಬರಬೇಡಿ ಎಂದು ಹೇಳಿ ಕಳಿಸಿದಳು. ಗುಡ್ಡೆ ಬಿದ್ದ ಕೋಸಿನ ಮುಂದೆ ಅಪ್ಪ ಮತ್ತು ಅಣ್ಣ ರಬ್ಬರಿನ ಕೈಗವಸು ತೊಟ್ಟು ಕೂತರು. ಅಣ್ಣ ಎಂಜಿನ್ನಿಗೆ ಗ್ರೀಸ್ ಹಚ್ಚುವಂತೆ ಖಾರ ಹಚ್ಚುತ್ತಿದ್ದಾನೆಂದು ಅಮ್ಮ ಅವನಿಂದ ಮೂರು ಕೋಸು ಕಿತ್ತುಕೊಂಡಳು. ಸೊಂಟ ಹಿಡಿದುಕೊಂಡು ಎದ್ದ ಅಪ್ಪ, ಇದನ್ನು ನೀವು ಪ್ರತಿ ವರ್ಷ ಮಾಡುತ್ತೀರಾ ಎಂದು ಕೇಳಿದ. ಅತ್ತಿಗೆ ಕಿಟಕಿಯ ಒಳಗಿನಿಂದ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ನೆಗಡಿಯ ಸುಳ್ಳು ಹೆಚ್ಚು ದಿನ ಬಾಳಲಿಲ್ಲ. ಶೆಡ್ಡಿನಲ್ಲಿ ಎದುರುಗಡೆ ನಿಲ್ಲುವ ಹೆಂಗಸು ಒಂದು ದಿನ ಎಲ್ಲರಿಗೂ ಕೇಳುವಂತೆ, ನಿಮ್ಮ ಮೊಮ್ಮಗಳಿಗೆ ಆ ಕಾಯಿಲೆಯಂತೆ, ಹೌದಾ, ಎಂದಳು. ಹೆಸರು ಹೇಳಲಿಲ್ಲ. ಆ ಹೆಸರು ಮನೆಯ ಹೊಸಿಲು ದಾಟಬಾರದು, ನಾಳೆ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಅಮ್ಮ ನಮಗೆಲ್ಲ ಆಣೆ ಹಾಕಿಸಿದ್ದಳು. ನಾನು ಚಿಪ್ಪಿನ ಮೇಲೇ ಕಣ್ಣಿಟ್ಟೆ.

"ಹೌದು, ಮೂರ್ಛೆರೋಗ," ಎಂದಳು ಅಮ್ಮ. ಅವಳ ಚೂರಿ ನಿಲ್ಲಲಿಲ್ಲ. "ಹುಟ್ಟೋವಾಗ ತಲೆಯಲ್ಲಿ ರಕ್ತ ಕಟ್ಟಿತ್ತು. ಔಷಧಿ ಕೊಡ್ತಿದೀವಿ. ನಿನ್ನ ಚೂರಿ ನಿಂತಿದೆ ನೋಡ್ಕೋ, ಸಂಜೆ ತೂಕಕ್ಕೆ ಏನ್ ಹಾಕ್ತೀಯ?"

ಅಂದು ಸಂಜೆ ಬೋಗುಣಿಯಲ್ಲಿದ್ದ ಚಿಪ್ಪು ತಳವನ್ನು ಮುಚ್ಚುವಷ್ಟೂ ಇರಲಿಲ್ಲ. ಆ ವಾರ ಮುಗಿಯುವುದರೊಳಗೆ ಒಂದು ಇಡೀ ದಿನ ಖಾಲಿ ಹೋಯಿತು. ಸೆಬೊಮ್ ನನ್ನ ಮುಖ ನೋಡಿ, ಬಹಳ ಯೋಚಿಸಿ, ನಕ್ಕಳು. ನಾನು ಒಳಗೆ ಹೋಗಿ ಅಕ್ಕಿ ತೊಳೆದೆ. ಅದನ್ನು ಆಗಲೇ ತೊಳೆದಾಗಿತ್ತೆಂದು ಆಮೇಲೆ ನೆನಪಾಯಿತು.

ಜನವರಿಯಲ್ಲಿ, ಸಿರಪ್ಪಿನ ಪ್ರಮಾಣವನ್ನು ಇಳಿಸುತ್ತ ಬಂದಾಗ, ಒಂದು ಬೆಳಗ್ಗೆ ಮತ್ತೆ ಚಿಪ್ಪಿನ ಸದ್ದು ಕೇಳಿತು. ಹಾಕಿದವನು ಅಣ್ಣ. ಯಾರೂ ಅಳಲಿಲ್ಲ, ಬೈಯಲೂ ಇಲ್ಲ. ಅಪ್ಪ ಗಾಡಿಯ ಕೀಲಿ ತೆಗೆದುಕೊಂಡ, ಅಮ್ಮ ಅನ್ನದ ಉಂಡೆ ಕಟ್ಟಿದಳು, ಅತ್ತಿಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು. ಡಾಕ್ಟರು ಪುಡಿ ಹೆಚ್ಚಿಸಿದರು. ಮತ್ತೆ ನಿಂತಿತು. ಇದು ಮುಂದೆ ಬೇರೆ ರೂಪದಲ್ಲಿ ಬರಬಹುದು, ಬಾರದೆಯೂ ಇರಬಹುದು, ಕಣ್ಣಿಟ್ಟಿರಿ ಎಂದರು. ಅಮ್ಮ ಬೋಗುಣಿಯನ್ನು ಅಟ್ಟಕ್ಕೆ ಏರಿಸಲಿಲ್ಲ.

ಮಾರ್ಚಿನಲ್ಲಿ ಕೈಗೆ ವ್ಯಾಯಾಮ ಕಲಿಸುವ ಚಿಕಿತ್ಸಕಿ ಒಂದು ಮಾತು ಹೇಳಿದಳು. ಅದನ್ನು ಮನೆಗೆ ಬಂದು ಹೇಗೆ ಹೇಳುವುದೆಂದು ಅತ್ತಿಗೆ ದಾರಿಯುದ್ದಕ್ಕೂ ಯೋಚಿಸಿದಳು. ದಿನಕ್ಕೆ ಒಂದು ಗಂಟೆ, ಆಟದ ಹೊತ್ತಿನಲ್ಲಿ, ಮಗುವಿನ ಎಡಗೈಯನ್ನು ಮೃದುವಾಗಿ ಮುಚ್ಚಿಡಬೇಕು. ಆಗ ಮೆದುಳು ಬಲಗೈಯನ್ನು ನೆನೆಸಿಕೊಳ್ಳುತ್ತದೆ.

ಅಮ್ಮ ಕೇಳಿದ ತಕ್ಷಣ ಎದ್ದು ಅಡುಗೆಮನೆಗೆ ಹೋದಳು. ಅತ್ತಿಗೆ ಹಿಂದೆಯೇ ಹೋದಳು, ಒಂದು ಕೈಯಲ್ಲಿ ಹತ್ತಿಯ ಅಂಗಿ, ಇನ್ನೊಂದರಲ್ಲಿ ಸೂಜಿದಾರ.

"ನಾನು ಹೊಲಿಯಲ್ಲ," ಎಂದಳು ಅಮ್ಮ. "ಒಂದು ಸಲ ಕಟ್ಟಿದ್ದು ಸಾಲದಾ? ಕೆಲಸ ಮಾಡೋ ಕೈನ ಮುಚ್ಚಿ, ಕೆಲಸ ಮಾಡದ ಕೈನ ಬೈದೆ. ಆ ಮಗು ಮುಖದಲ್ಲಿ ಗಿಲಕಿ ಹಿಡಿಯೋಕೆ ಹೋಗ್ತಿತ್ತಂತೆ, ಸೊರಾ ಹೇಳಿದಳು."

"ಅವತ್ತು ಎಡಗೈ ತಪ್ಪು ಅಂತ ಹೊಲಿದ್ರಿ. ಇವತ್ತು ಬಲಗೈಗೆ ಪಾಠ ಅಂತ. ಒಂದೇ ಗಂಟೆ, ನಾವು ಎದುರಿಗೇ ಕೂತಿರ್ತೀವಿ. ಹಿಡಿಯೋಕೆ ಸುಲಭವಾದ್ದನ್ನ ಕೊಡ್ತೀವಿ."

"ನೀನೇ ಹೊಲಿ."

"ನನ್ನ ಹೊಲಿಗೆ ಎರಡು ದಿನ ನಿಲ್ಲಲ್ಲ ಅಂತ ಮೂರು ವರ್ಷದಿಂದ ನೀವೇ ಹೇಳ್ತಿದೀರಿ, ಅತ್ತೆ."

ಅಮ್ಮ ತಿರುಗಿ ನೋಡಿದಳು. ನಗು ಬರಲಿಲ್ಲ, ಆದರೆ ಬಾಯಿಯ ಮೂಲೆ ಅಲುಗಿತು. ಕೈ ಒರೆಸಿಕೊಂಡು ಅಂಗಿ ತೆಗೆದುಕೊಂಡಳು. ಈ ಸಲ ಒತ್ತು ಹೊಲಿಗೆ ಹಾಕಲಿಲ್ಲ. ತುದಿಯೊಳಗೆ ಮೆತ್ತನೆಯ ಬಟ್ಟೆ ಇಟ್ಟು, ದಪ್ಪ ಕೆಂಪು ದಾರದಲ್ಲಿ ಅಗಲಗಲವಾಗಿ ಹೊಲಿದು, ಕೊನೆಯನ್ನು ಗಂಟು ಹಾಕದೆ ಉದ್ದಕ್ಕೆ ಬಿಟ್ಟಳು. ಒಂದು ಎಳೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳಬೇಕು. ಪ್ರತಿ ದಿನ ಹೊಸದಾಗಿ ಹೊಲಿಯುತ್ತಿದ್ದಳು, ಗಂಟೆ ಮುಗಿದೊಡನೆ ತಾನೇ ಎಳೆದು ಬಿಚ್ಚುತ್ತಿದ್ದಳು. ಅಪ್ಪ ಸಿಂಪಿಯ ಹಗ್ಗಕ್ಕೆ ಕಟ್ಟುವ ಪುಟ್ಟ ಬಿಳಿ ತೇಲುಗುಂಡೊಂದನ್ನು ತೊಳೆದು ತಂದ. ಬಲಗೈ ಅದನ್ನು ಹಿಡಿಯಲಿಲ್ಲ. ಒಂದು ವಾರ, ಎರಡು ವಾರ ಸುಮ್ಮನೆ ಅದರ ಮೇಲೆ ಬಿದ್ದುಕೊಂಡಿತ್ತು. ಆಮೇಲೆ ಒಂದು ದಿನ ದೂಡಿತು. ಗುಂಡು ಉರುಳಿ ಒಲೆಯ ತನಕ ಹೋಯಿತು, ಅಮ್ಮ ಮಂಡಿಯೂರಿ ಹೋಗಿ ತಂದುಕೊಟ್ಟಳು. ಮತ್ತೆ ದೂಡಿತು. ಮತ್ತೆ ತಂದಳು.

ಮೇ ತಿಂಗಳಲ್ಲಿ ವರ್ಷ ತುಂಬಿತು. ಮೊದಲ ಹುಟ್ಟುಹಬ್ಬಕ್ಕೆ ಮಗುವಿನ ಮುಂದೆ ಮೇಜಿಟ್ಟು, ಪೆನ್ಸಿಲ್, ನೂಲಿನ ಲಡಿ, ನೋಟು ಎಲ್ಲ ಹರಡಿ, ಅದು ಹಿಡಿದದ್ದನ್ನು ನೋಡಿ ಮುಂದೆ ಏನಾಗುತ್ತದೆಂದು ಹೇಳುವುದು ಎಲ್ಲ ಮನೆಗಳಲ್ಲೂ ಇರುವುದೇ. ಅಣ್ಣ ಬೇಡವೆಂದ; ಫೋಟೊ ತೆಗೆದು ಮುಗಿಸೋಣ, ಎಲ್ಲರ ಕ‌ಣ್ಣೂ ಬಲಗೈ ಮೇಲೇ ಇರುತ್ತದೆ ಎಂದ. ಇರಲಿ, ನೋಡಲಿ ಎಂದಳು ಅತ್ತಿಗೆ. ಮೇಜು ಜೋಡಿಸುವುದು ತನ್ನ ಕೆಲಸ, ಯಾರೂ ಬರಬೇಡಿ ಎಂದಳು ಅಮ್ಮ.

ಗೊಸೊಂಗಿನಿಂದ ಅಪ್ಪನ ಅಕ್ಕ ಬಂದಳು, ಕೇರಿಯವರು ಬಂದರು, ಶೆಡ್ಡಿನಲ್ಲಿ ಎದುರುಗಡೆ ನಿಲ್ಲುವ ಹೆಂಗಸೂ ಅಕ್ಕಿ ಕಡುಬಿನ ತಟ್ಟೆ ಹಿಡಿದು ಬಂದಳು. ನಾನು ಒಲೆಯ ಮುಂದೆ ಹುಟ್ಟುಹಬ್ಬದ ಕಡಲಪಾಚಿ ಸಾರು ಕುದಿಸುತ್ತಿದ್ದವಳು ಬಾಗಿಲಿಗೆ ಬಂದು ನಿಂತೆ. ಮೇಜಿನ ಮೇಲೆ ಪೆನ್ಸಿಲ್ ಇರಲಿಲ್ಲ, ನೂಲು ಇರಲಿಲ್ಲ, ನೋಟೂ ಇರಲಿಲ್ಲ. ಒಂದು ಕಡೆ ಅಪ್ಪನ ತೇಲುಗುಂಡು, ಇನ್ನೊಂದು ಕಡೆ ಅಣ್ಣ ತಂದ ಸಣ್ಣ ಡೋಲು. ನಡುವೆ ಚೆನ್ನಾಗಿ ತಿಕ್ಕಿ ಹೊಳೆಯುತ್ತಿದ್ದ ಹಿತ್ತಾಳೆಯ ಬೋಗುಣಿ.

ಅಪ್ಪನ ಅಕ್ಕ ಮೇಜನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಇದೇನೆ ಇದು? ಒಂದು ಪೆನ್ಸಿಲ್ ಇಲ್ಲ, ದುಡ್ಡಿಲ್ಲ. ಈ ಮಗು ಏನಾಗಬೇಕು ಅಂತ?"

"ಏನಾದ್ರೂ ಆಗಲಿ ಅಕ್ಕ. ಎರಡು ಕೈಲಿ ಆಗಲಿ."

ಸೆಬೊಮ್‌ಳನ್ನು ಮೇಜಿನ ಮುಂದೆ ಕೂರಿಸಿದರು. ಕೆನ್ನೆಯ ಬಾವು ಇಳಿದು ಮುಖ ಮತ್ತೆ ಅತ್ತಿಗೆಯ ಹಾಗೆ ಆಗಿತ್ತು. ಅವಳು ಡೋಲು ನೋಡಲಿಲ್ಲ. ಎಡಗೈ ಚಾಚಿ ಬೋಗುಣಿಯ ಅಂಚು ಹಿಡಿದು ಎಳೆದಳು. ಬೋಗುಣಿ ತಿರುಗಿ ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು. ಕೋಪದಿಂದ ಮೂಗಿನಲ್ಲಿ ಉಸಿರು ಬಿಟ್ಟಳು. ಅಣ್ಣ ಬೋಗುಣಿ ಹಿಡಿದುಕೊಳ್ಳಲು ಮುಂದೆ ಬಂದ. ಅತ್ತಿಗೆ ಅವನ ಅಂಗಿ ಹಿಡಿದು ನಿಲ್ಲಿಸಿದಳು. ಆಗ ಬಲಗೈ ಎದ್ದಿತು, ತಡವಾಗಿ, ಭುಜದಿಂದ ಪೂರ್ತಿ ಎತ್ತಿಕೊಂಡು. ಮುಷ್ಟಿ ಅರ್ಧ ತೆರೆದಿತ್ತು, ಹೆಬ್ಬೆರಳು ಹೊರಗಿತ್ತು. ಬೋಗುಣಿಯ ಇನ್ನೊಂದು ಅಂಚಿನ ಮೇಲೆ ಬಂದು ಬಿತ್ತು. ಬೋಗುಣಿ ನಿಂತಿತು.

ಸೆಬೊಮ್ ಮುಂದಕ್ಕೆ ಬಾಗಿದಳು. ತಲೆ, ಆಮೇಲೆ ಭುಜ.

ಅತ್ತಿಗೆಯ ಕೈ ಅಣ್ಣನ ಅಂಗಿಯಲ್ಲೇ ಉಳಿಯಿತು. ಅಪ್ಪ ಅರ್ಧ ಎದ್ದಿದ್ದ. ಅಮ್ಮನ ಕಣ್ಣು ಅಂಗಳದ ಮೂಲೆಯಲ್ಲಿದ್ದ ಚಿಪ್ಪಿನ ಬುಟ್ಟಿಯ ಕಡೆ ಹೋಗಿ ಬಂದಿತು. ಮಗುವಿನ ತಲೆ ಕೆಳಗೇ ಇತ್ತು. ಆಮೇಲೆ ಅದು ನಿಧಾನವಾಗಿ ಮೇಲೆದ್ದಿತು. ಬೋಗುಣಿಯ ತಳದಲ್ಲಿ ಕಂಡದ್ದನ್ನು ಯಾರಿಗಾದರೂ ಹೇಳಬೇಕೆಂಬಂತೆ ಸುತ್ತ ನೋಡಿ, ಅಮ್ಮನ ಮುಖ ಸಿಕ್ಕಿದ ಕೂಡಲೇ ಸೆಬೊಮ್ ನಕ್ಕಳು, ಮತ್ತೆ ಬಾಗಿ ಒಳಗೆ ನೋಡಿದಳು.

"ಕೂತ್ಕೊಳ್ಳಿ ಎಲ್ಲಾರೂ," ಎಂದಳು ಅಮ್ಮ. ದನಿ ಒಡೆದಿತ್ತು, ಆದರೂ ಶೆಡ್ಡಿನಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿತ್ತು. "ಒಳಗೆ ಏನಿದೆ ಅಂತ ನೋಡ್ತಿದಾಳೆ, ಅಷ್ಟೇ. ಸೊರಾ, ಸಾರು ಆರ್ತಿದೆ, ಬಡಿಸು."